ವೈಫೈಯಲ್ಲಿ ಪ್ರಿಂಟರ್, ಹಾರ್ಡ್‌ಡಿಸ್ಕ್ ಮನೆಯವರಿಗೆಲ್ಲ ಸಿಗಬೇಕು, ಎಂತ ಮಾಡುವುದು?

ಕಟಪಾಡಿಯವ
ನಮ್ಮದು ಹಳೇ ಮುರಕಲ್ಲಿನ ಮನೆ. ರೂಟರ್ ಚಾವಡಿಯಲ್ಲಿ, ವೈಫೈ ಪ್ರಿಂಟರ್ ಒಳಗಿನ ಕೋಣೆಯಲ್ಲಿ. ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ ಪ್ರಿಂಟರನ್ನು ಆಫ್‌ಲೈನ್ ಅಂತ ತೋರಿಸುತ್ತದೆ, ತೆಗೆದು ಮತ್ತೆ ಸೇರಿಸಬೇಕು. ಫೋಟೊ, ಜಾಗದ ದಾಖಲೆಗಳ ಸ್ಕ್ಯಾನ್ ಎಲ್ಲ ಇರುವ ಹಾರ್ಡ್‌ಡಿಸ್ಕನ್ನು ರೂಟರ್‌ನ ಯುಎಸ್‌ಬಿಗೆ ಹಾಕಿದ್ದೇನೆ. ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ, ಟಿಕ್ ಟಿಕ್ ಶಬ್ದ ಬೇರೆ. ಒಂದು ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದೇ ಇಲ್ಲ, ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಹಳೇ ಪದ್ಧತಿ) ಆನ್ ಮಾಡಿ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಕದ್ರಿಗುಡ್ಡೆ
ಪ್ರಿಂಟರ್‌ದು ಸುಲಭ. ಕರೆಂಟ್ ಬಂದಾಗ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡುತ್ತಿರಬೇಕು, ಲ್ಯಾಪ್‌ಟಾಪ್ ಹಳೇ ವಿಳಾಸದಲ್ಲೇ ಹುಡುಕುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚುವ ಭಾಗ) ಕೆಳಗೆ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ, ಅಲ್ಲಿ ಪ್ರಿಂಟರ್‌ಗೆ ಒಂದೇ ವಿಳಾಸ ಕಟ್ಟಿಬಿಡಿ. ಆಮೇಲೆ ವಿಂಡೋಸ್‌ನಲ್ಲಿ ಆ ವಿಳಾಸ ಕೊಟ್ಟು ಟಿಸಿಪಿ/ಐಪಿ ಪೋರ್ಟ್ ಮೂಲಕ ಸೇರಿಸಿ. ಹೆಚ್ಚಿನ ಮನೆ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ಅದನ್ನು ರೂಟರ್‌ನಲ್ಲಿ ಆಫ್ ಮಾಡಬೇಡಿ. ದಪ್ಪ ಕಲ್ಲಿನ ಗೋಡೆ ದಾಟಲಿಕ್ಕೂ 5 ಗಿಗಾಹರ್ಟ್ಸ್‌ಗಿಂತ ಅದೇ ಒಳ್ಳೆಯದು. ಯಾರ ಫೋನಾದರೂ ಗೆಸ್ಟ್ ವೈಫೈಯಲ್ಲಿದ್ದರೆ (ನೆಂಟರಿಗೆ ಅಂತ ಬೇರೆ ಇಡುವುದು) ಅದಕ್ಕೆ ಪ್ರಿಂಟರ್ ಕಾಣುವುದಿಲ್ಲ.

ಮಲ್ಪೆ_ಬಂದರು
ಮಾರಾಯ್ರೆ, ಟಿಕ್ ಟಿಕ್ ಅಂತಿರುವ ಡಿಸ್ಕಲ್ಲಿ ಜಾಗದ ದಾಖಲೆ ಉಂಟಾ? ಮೊದಲು ಅದನ್ನು ರೂಟರ್‌ನಿಂದ ತೆಗೆಯಿರಿ, ಲ್ಯಾಪ್‌ಟಾಪ್‌ಗೆ ನೇರ ಹಾಕಿ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಉಳಿದದ್ದೆಲ್ಲ ಆಮೇಲೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್ ಕರೆಂಟ್, 3.0 ಆದರೆ 900. ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು, ಸಾಲದಿದ್ದರೆ ನಿಂತು ಮತ್ತೆ ತಿರುಗಲು ನೋಡುತ್ತದೆ, ಶಬ್ದ ಅದರದ್ದಿರಬಹುದು. ಲ್ಯಾಪ್‌ಟಾಪ್‌ನಲ್ಲಿ ಶಬ್ದ ಇಲ್ಲದಿದ್ದರೆ ತನ್ನದೇ ಕರೆಂಟ್ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತನ್ನಿ. ಅಲ್ಲೂ ಬಂದರೆ ಡಿಸ್ಕೇ ಹೋಗುತ್ತಿದೆ.

ಎಸ್‌ಎಂಬಿ 1 ಖಂಡಿತ ಬೇಡ. 2017ರಲ್ಲಿ ವಾನ್ನಾಕ್ರೈ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹರಡಿದ್ದು ಅದರಲ್ಲಿದ್ದ ದೋಷದಿಂದ, ಅದೇ ವರ್ಷ ವಿಂಡೋಸ್ 10 ಹೊಸದಾಗಿ ಹಾಕುವಾಗ ಅದನ್ನು ಸೇರಿಸುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ರೂಟರ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಎಸ್‌ಎಂಬಿ 2 ಅಥವಾ 3 ಇದೆಯಾ ನೋಡಿ. ಹಂಚುವಾಗ ಹೆಸರು, ಪಾಸ್‌ವರ್ಡ್ ಇಡಿ, ಈಗಿನ ವಿಂಡೋಸ್ 11 ಪ್ರೊ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಯನ್ನು ತೆರೆಯುವುದಿಲ್ಲ.

ಕಟಪಾಡಿಯವ
ಕಾಪಿಗೆ ಹಾಕಿದೆ, ಲ್ಯಾಪ್‌ಟಾಪ್‌ನಲ್ಲಿ ಶಬ್ದ ಇಲ್ಲ! ಆದರೆ ರೂಟರ್‌ನಲ್ಲಿ ಎಸ್‌ಎಂಬಿ 1 ಮಾತ್ರ ಉಂಟು, ಅಪ್‌ಡೇಟ್ ಇಲ್ಲ. ಹಳೇ ಡೆಸ್ಕ್‌ಟಾಪ್ ಒಂದು ಸುಮ್ನೆ ಬಿದ್ದಿದೆ, ವಿಂಡೋಸ್ 10.

ಮಲ್ಪೆ_ಬಂದರು
ಅದೇ ಸಾಕಲ್ವಾ. ಡಿಸ್ಕ್ ಅದಕ್ಕೆ ಹಾಕಿ, ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ನೆಟ್‌ವರ್ಕನ್ನು ಪ್ರೈವೇಟ್ ಅಂತ ಇಟ್ಟು ಫೋಲ್ಡರ್ ಹಂಚಿ. ಆದರೆ ವಿಂಡೋಸ್ 10ರ ಮಾಮೂಲು ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗಿದಿದೆ, ಆಗುವುದಾದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಸಾಂಬಾ ಅನ್ನುವ ಫೈಲ್ ಹಂಚುವ ಸಾಫ್ಟ್‌ವೇರ್‌ನಲ್ಲಿ ಹಂಚಿ. ಹೊರಗಿನಿಂದ ನೋಡಲಿಕ್ಕೆ ಅಂತ ರೂಟರ್‌ನಲ್ಲಿ ಎಸ್‌ಎಂಬಿ ಬಳಸುವ 445 ಪೋರ್ಟನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಕಾರ್ಕಳ_ಘಾಟಿ
ಒಂದು ಮಾತು ಸೇರಿಸುತ್ತೇನೆ. ಏಪ್ರಿಲ್, ಮೇಯಲ್ಲಿ ನಮ್ಮ ಕಡೆ ಸಿಡಿಲು ಹೇಗೆ ಅಂತ ಗೊತ್ತುಂಟಲ್ಲ. ಇಂಟರ್ನೆಟ್ ತರುವ ಫೈಬರಿನ ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ, ಆದರೆ ಅಡಾಪ್ಟರ್ ಮೂಲಕ ರೂಟರ್, ಡೆಸ್ಕ್‌ಟಾಪ್, ಡಿಸ್ಕ್ ಎಲ್ಲ ಒಟ್ಟಿಗೇ ಹೋಗಬಹುದು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ತೆಗೆಯಿರಿ. ದಾಖಲೆಗಳ ಇನ್ನೊಂದು ಕಾಪಿ ಯಾವುದಕ್ಕೂ ಜೋಡಿಸದೆ ಕಪಾಟಿನಲ್ಲಿರಲಿ.