ನಾಗುವಿನ ಎರಡು ಇಂಚು

ನಮ್ಮ ವಾಟ್ಸಾಪ್ ಗುಂಪಿನ ಹೆಸರು ‘ಬಿಎಸ್ಸಿ 81 ಹಾಸ್ಟೆಲ್ ಹುಡುಗಿಯರು’. ಹುಡುಗಿಯರಿಗೆಲ್ಲ ಈಗ ಅರವತ್ತೈದರ ಆಚೀಚೆ. ಹತ್ತೊಂಬತ್ತು ಜನ ಇದ್ದೇವೆ, ಬಾಯಿ ಬಿಡುವವರು ಏಳು. ಮೂಳೆ ಸವೆತದ ಔಷಧಿ ಬೇಕೋ ಬೇಡವೋ ಅಂತ ದೀಪಾವಳಿ ಆದ ಎರಡನೇ ಭಾನುವಾರ ನಡೆದ ಜಗಳ ಇದು. ‘ಹಾಕು, ನಾಲ್ಕು ಜನಕ್ಕೆ ಗೊತ್ತಾಗಲಿ, ಹೆಸರು ಮಾತ್ರ ಬದಲಿಸು’ ಅಂದಳು ನಾಗರತ್ನ. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಮೊಮ್ಮಕ್ಕಳ ಫೋಟೋಗಳನ್ನೂ ತೆಗೆದಿದ್ದೇನೆ. ‘ನಾನು’ ಅಂದರೆ ಹಾಸನದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಟ್ಟು ರಿಟೈರ್ ಆದವಳು, ಗುಂಪಿನ ಅಡ್ಮಿನ್.

ನಾಗರತ್ನ (ಬೆಳಿಗ್ಗೆ 6:38): ನೈಟಿಗಳನ್ನೆಲ್ಲ ಟೈಲರ್‌ಗೆ ಕೊಟ್ಟು ಅಂಚು ಮಡಿಸಿ ಹೊಲಿಸಿದೆ. ಎಂಟು ನೈಟಿಗೆ 400 ರೂಪಾಯಿ! ಕಾಟನ್ ನೈಟಿ ಒಗೆದರೆ ಕುಗ್ಗಬೇಕು ತಾನೇ? ನನ್ನವು ಬೆಳೆಯುತ್ತಿವೆ ಕಣ್ರೇ. ಎಲ್ಲ ನೆಲ ಗುಡಿಸುತ್ತಿದ್ದವು.

ಶಾರದ: ಶಿವಮೊಗ್ಗದ ಮಳೆಗೆ ಬೆಳೆದಿರಬೇಕು.

ಗೀತಾ (6:52): *ಹಲವು ಬಾರಿ ಫಾರ್ವರ್ಡ್ ಆಗಿದೆ* ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ? ಇಂದೇ ನಿಲ್ಲಿಸಿ!! ಇವು ಮೂಳೆಯನ್ನು ಸೀಮೆಸುಣ್ಣ ಮಾಡುತ್ತವೆ. ತೊಡೆಮೂಳೆ ತಾನಾಗಿ ಮುರಿಯುತ್ತದೆ. ದವಡೆ ಕೊಳೆಯುತ್ತದೆ. ಒಂದು ಚಮಚ ಎಳ್ಳು ಹತ್ತು ಲೋಟ ಹಾಲಿಗೆ ಸಮ. 21 ದಿನ ಎಳ್ಳು, ಬೆಲ್ಲ, ರಾಗಿ ತಿನ್ನಿ. ಮೂಳೆ ವಜ್ರವಾಗುತ್ತದೆ. ಕಂಪನಿಗಳು ಇದನ್ನು ಮುಚ್ಚಿಡುತ್ತಿವೆ. ಹತ್ತು ಜನಕ್ಕೆ ಕಳಿಸಿ.

ಗೀತಾ: ಎಲ್ಲರೂ ಓದಿ. ನಮ್ಮ ವಯಸ್ಸಿಗೆ ತುಂಬಾ ಮುಖ್ಯ.

ನಾನು: ಗೀತಾ, ಬೆಳಿಗ್ಗೆ ಬೆಳಿಗ್ಗೆ ಲೆಕ್ಕ ಮಾಡಿಸುತ್ತೀಯ ನನ್ನ ಕೈಲಿ. ನೂರು ಗ್ರಾಂ ಎಳ್ಳಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಿಜ. ಸಾವಿರದ ಮೇಲೆ ಮಿಲಿಗ್ರಾಂ. ಆದರೆ ನೂರು ಗ್ರಾಂ ಯಾರು ತಿನ್ನುತ್ತಾರೆ? ಒಂದು ದೊಡ್ಡ ಚಮಚ ಅಂದರೆ ಹತ್ತು ಗ್ರಾಂ. ನೂರು, ನೂರಿಪ್ಪತ್ತು ಮಿಲಿಗ್ರಾಂ ಬಂತು. 200 ಎಂಎಲ್ ಹಾಲಿನಲ್ಲಿ ಸುಮಾರು 240 ಇದೆ. ಹತ್ತು ಲೋಟ ಹೋಗಲಿ, ಅರ್ಧ ಲೋಟಕ್ಕೆ ಸಮ.

ಗೀತಾ: ರಾಗಿ?

ನಾನು: ರಾಗಿ ಚಿನ್ನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ ನೂರು ಗ್ರಾಂಗೆ 364. ಒಂದು ದೊಡ್ಡ ಮುದ್ದೆ ಉಂಡರೆ ಮುನ್ನೂರು ಬಂತು ಅನ್ನು. ನಮ್ಮ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸಾವಿರದಿಂದ ಸಾವಿರದ ಇನ್ನೂರು. ಮುದ್ದೆ, ಎರಡು ಲೋಟ ಹಾಲು ಮೊಸರು, ಮೇಲೆ ನುಗ್ಗೆಸೊಪ್ಪು. ಊಟದಲ್ಲೇ ಮುಕ್ಕಾಲು ಪಾಲು ಮುಗಿಯಿತು. ಅದರಲ್ಲಿ ನನ್ನದೇನೂ ತಕರಾರಿಲ್ಲ. ವಜ್ರದ ಮಾತಿಗೆ ತಕರಾರು.

ಜಯಶ್ರೀ: ಪಾಲಕ್ ಮಾತ್ರ ಲೆಕ್ಕಕ್ಕೆ ತಗೋಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಗೆ ಹತ್ತುವುದು ಕಡಿಮೆ. ಮತ್ತೆ ಗೀತಾ, ನೀನು ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ರಾಗಿ ಮಾಲ್ಟ್ ಕುಡಿಯುತ್ತೀಯಲ್ಲ, ಅದನ್ನು ನಿಲ್ಲಿಸು. ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

(ಜಯಶ್ರೀ ದಾವಣಗೆರೆಯಲ್ಲಿ ಮೂವತ್ತು ವರ್ಷ ಮೆಡಿಕಲ್ ಶಾಪ್ ನಡೆಸಿದವಳು. ಅವಳ ಮಾತು ಯಾವಾಗಲೂ ಹೀಗೇ, ಕೌಂಟರ್ ಹಿಂದೆ ನಿಂತ ಹಾಗೆ.)

ಗೀತಾ: ನನ್ನ ವಿಷಯ ಬಿಡೇ. ಮಾತ್ರೆಯಿಂದ ತೊಡೆ ಮುರಿಯುವುದು ಸುಳ್ಳಾ? ನನ್ನ ಓರಗಿತ್ತಿಯ ಅಕ್ಕನಿಗೆ ಹಾಗೇ ಆಯಿತು. ಬೀಳಲೂ ಇಲ್ಲ, ನಿಂತಲ್ಲೇ.

ಜಯಶ್ರೀ: ಸುಳ್ಳಲ್ಲ. ತುಂಬಾ ವರ್ಷ ಬಿಡದೆ ತಗೊಂಡರೆ ಅಪರೂಪಕ್ಕೆ ಆಗುತ್ತದೆ. ಮುಂಚೆ ತೊಡೆಯಲ್ಲೋ ತೊಡೆಸಂದಿಯಲ್ಲೋ ನೋವು ಬರುತ್ತದೆ. ಬಂದರೆ ಹೇಳಿ ಅಂತ ನಾನೇ ಗಿರಾಕಿಗಳಿಗೆ ಹೇಳುತ್ತಿದ್ದೆ. ಅದಕ್ಕೇ ಐದು ವರ್ಷ ಆದಮೇಲೆ ಡಾಕ್ಟರು ಬಿಡುವು ಕೊಡುವುದು.

ಶಾರದ: ನನಗೆ ಕೊಟ್ಟಿದ್ದಾರೆ. ಅಲೆಂಡ್ರೊನೇಟ್ 70, ವಾರಕ್ಕೊಂದು, ಐದು ವರ್ಷ ನುಂಗಿದೆ. ಗುರುವಾರ ಅಂತ ಇಟ್ಟುಕೊಂಡಿದ್ದೆ. ಬರೀ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರು, ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಕಾಫಿಯೂ ಇಲ್ಲ. ನಮ್ಮ ಯಜಮಾನರು ‘ರಾಯರ ದಿನ, ಕಾಫಿ ಉಪವಾಸ’ ಅಂತ ಆಡಿಕೊಳ್ಳುತ್ತಿದ್ದರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.7 ಇದ್ದದ್ದು ಮೈನಸ್ 2.2ಕ್ಕೆ ಬಂತು. ಈಗ ಎರಡು ವರ್ಷದಿಂದ ಬಿಡುವು.

ಗೀತಾ: ನನಗೂ ಅಪಾರ್ಟ್‌ಮೆಂಟಿನಲ್ಲಿ ಫ್ರೀಯಾಗಿ ನೋಡಿದರು. ಹಿಮ್ಮಡಿ ಇಟ್ಟರೆ ಸಾಕು, ಎರಡು ನಿಮಿಷ. ಮೈನಸ್ 1.9. ತಕ್ಷಣ ಒಂದು ಪೌಡರ್ ಡಬ್ಬಿ ಕೊಂಡುಕೊಳ್ಳಿ ಅಂದರು.

ಜಯಶ್ರೀ: ಆ ಹಿಮ್ಮಡಿ ಮೆಷಿನ್ನಿನ ನಂಬರ್ ನೋಡಿ ಔಷಧಿ ಶುರು ಮಾಡುವುದೂ ಇಲ್ಲ, ಬಿಡುವುದೂ ಇಲ್ಲ. ಸೊಂಟ, ಬೆನ್ನಿನ ಡೆಕ್ಸಾ ಮಾಡಿಸು. ಮೈನಸ್ ಒಂದರವರೆಗೆ ಸರಿ. ಅಲ್ಲಿಂದ ಎರಡೂವರೆವರೆಗೆ ಎಚ್ಚರ. ಮೈನಸ್ ಎರಡೂವರೆ, ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್.

ನಾನು: ಇನ್ನೊಂದು ಮಾತು. ‘ಮೂಳೆ ಸವೆತ’ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಮಂಡಿ ಸವೆಯುವುದಕ್ಕೂ ಅದೇ ಹೆಸರು, ಇದಕ್ಕೂ ಅದೇ. ಮಂಡಿ ನೋಯುತ್ತದೆ, ಡಾಕ್ಟರ ಹತ್ತಿರ ಓಡುತ್ತೇವೆ. ಇದು ಮೂಳೆ ಒಳಗೊಳಗೇ ಟೊಳ್ಳಾಗುವುದು. ಮುರಿಯುವ ತನಕ ಒಂದು ಚೂರೂ ನೋಯುವುದಿಲ್ಲ.

ಲಲಿತಾ (7:40): ಗೀತಾ ಹೇಳಿದ್ದರಲ್ಲಿ ಒಂದು ನಿಜ ಇದೆ. ನಂಬರ್ ಜಾಸ್ತಿ ಆದರೆ ಮೂಳೆ ಗಟ್ಟಿ ಅಂತಲ್ಲ. ನಮ್ಮ ಪಾವಗಡದ ಬೋರ್‌ವೆಲ್ ನೀರು ನಿಮಗೆ ಗೊತ್ತಲ್ಲ, ಫ್ಲೋರೈಡ್. ನಮ್ಮಜ್ಜನ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಿತ್ತು. ಅಷ್ಟು ದಟ್ಟ. ಮನುಷ್ಯನಿಗೆ ಕತ್ತು ತಿರುಗಿಸಲೂ ಆಗುತ್ತಿರಲಿಲ್ಲ.

ಲಲಿತಾ: ಅಮೆರಿಕದಲ್ಲಿ ಇದನ್ನೇ ಔಷಧಿ ಅಂತ ಕೊಟ್ಟು ನೋಡಿದ್ದರು. ಮುಟ್ಟು ನಿಂತ ಹೆಂಗಸರಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್. 1990ರಲ್ಲಿ ಫಲಿತಾಂಶ ಬಂತು. ಬೆನ್ನಿನ ಸಾಂದ್ರತೆ ನೂರಕ್ಕೆ 35 ಏರಿತ್ತು! ಬೆನ್ನುಮೂಳೆ ಮುರಿಯುವುದು ಗಮನಿಸುವಷ್ಟು ಕಡಿಮೆ ಆಗಲಿಲ್ಲ. ಬೇರೆ ಕಡೆ ಮುರಿತ ಜಾಸ್ತಿಯೇ ಆಯಿತು.

ಗೀತಾ: ನೋಡಿ! ನಾನು ಹೇಳಿದ್ದೂ ಅದೇ. ನಂಬರ್ ತೋರಿಸಿ ಮೋಸ.

ಜಯಶ್ರೀ: ಅದೇ ಪಾಠ ಕಲಿತ ಮೇಲೆ ನಂಬರ್ ಬಿಟ್ಟು ಮುರಿತವನ್ನೇ ಎಣಿಸುವುದಕ್ಕೆ ಶುರು ಮಾಡಿದರು. ಶಾರದ ನುಂಗಿದ ಮಾತ್ರೆಯನ್ನು ಎರಡು ಸಾವಿರ ಹೆಂಗಸರ ಮೇಲೆ ಮೂರು ವರ್ಷ ನೋಡಿ 1996ರಲ್ಲಿ ಹೇಳಿದರು. ಎಲ್ಲರಿಗೂ ಮೊದಲೇ ಬೆನ್ನುಮೂಳೆ ಒಂದಾದರೂ ಕುಸಿದಿತ್ತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದ ನೂರು ಜನರಲ್ಲಿ ಹದಿನೈದು ಜನಕ್ಕೆ ಹೊಸ ಕುಸಿತ. ನಿಜವಾದ ಮಾತ್ರೆಯವರಲ್ಲಿ ಎಂಟು. ಸೊಂಟ ಮುರಿದದ್ದೂ ಅರ್ಧಕ್ಕೆ ಇಳಿಯಿತು. ಇದು ಗೋಡೆಗೆ ಸುಣ್ಣ ಹೊಡೆದದ್ದಲ್ಲ.

ಲಲಿತಾ: ಒಪ್ಪಿದೆ. ಆದರೆ ಗೀತಾಳ ಅನುಮಾನ ದಡ್ಡತನ ಅಲ್ಲ ಅಂತ ಮಾತ್ರ ಹೇಳಿದೆ.

(ಇಲ್ಲಿಗೆ ಜಗಳ ತಣ್ಣಗಾಗಬೇಕಿತ್ತು. ಪುಷ್ಪ ಬಂದಳು. ಬ್ರಿಸ್ಬೇನಿನಲ್ಲಿ ಮಗನ ಮನೆಯಲ್ಲಿದ್ದಾಳೆ, ಅಲ್ಲಿ ಆಗಲೇ ಮಧ್ಯಾಹ್ನ.)

ಪುಷ್ಪ (8:15): ಎಳ್ಳೂ ಬೇಡ ಮಾತ್ರೆಯೂ ಬೇಡ. ಕಬ್ಬಿಣ ಎತ್ತಿ. ನಾನು ವಾರಕ್ಕೆರಡು ದಿನ ಜಿಮ್‌ಗೆ ಹೋಗುತ್ತೇನೆ. ನೆಲದಿಂದ 35 ಕೆಜಿ ಎತ್ತುತ್ತೇನೆ, ವಿಡಿಯೋ ಹಾಕಲಾ?

ಶಾರದ: ಹಾಸ್ಟೆಲಿನಲ್ಲಿ ಬಕೆಟ್ ಎತ್ತುವುದಕ್ಕೂ ನನ್ನನ್ನೇ ಕರೆಯುತ್ತಿದ್ದವಳು ನೀನಾ?

ಪುಷ್ಪ: ಇಲ್ಲೇ ಹತ್ತಿರದ ಗ್ರಿಫಿತ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ ಇದೆ. ಮೂಳೆ ತೆಳುವಾದ ನೂರೊಂದು ಜನ, ಸರಾಸರಿ ವಯಸ್ಸು 65, ಅಂದರೆ ನಾವೇ. ಅರ್ಧದಷ್ಟು ಜನಕ್ಕೆ ಎಂಟು ತಿಂಗಳು, ವಾರಕ್ಕೆರಡು ಸಲ, ಅರ್ಧ ಗಂಟೆ ಭಾರ ಎತ್ತುವುದು, ಧೊಪ್ಪಂತ ನೆಲಕ್ಕೆ ಇಳಿಯುವುದು. ಅವರ ಬೆನ್ನುಮೂಳೆ ಸುಮಾರು 3% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1% ಇಳಿಯಿತು. ವಾಕಿಂಗ್ ಹೃದಯಕ್ಕೆ ಒಳ್ಳೆಯದು. ಮೂಳೆಗೆ ಅದು ಸಾಲದು ಕಣ್ರೇ.

ನಾನು: ಒಪ್ಪಿದೆ ಪುಷ್ಪಾ, ಆದರೆ ಟಿ-ಸ್ಕೋರ್ ಒಂದು ಅಂಕ ಏರಬೇಕಾದರೆ ಹತ್ತು ಹನ್ನೆರಡು ಪರ್ಸೆಂಟ್ ಬೇಕು. ಮೂರು ಪರ್ಸೆಂಟ್ ಅಂದರೆ ಕಾಲು ಅಂಕ. ಮೈನಸ್ ಮೂರಲ್ಲಿ ಇರುವವಳು ಕಾಲು ಅಂಕ ಹಿಡಿದುಕೊಂಡು ಏನು ಮಾಡುತ್ತಾಳೆ?

ಪುಷ್ಪ: ಬೀಳುವುದಿಲ್ಲ! ಕಾಲಿಗೆ ಬಲ ಬಂದರೆ ಬೀಳುವುದು ತಪ್ಪುತ್ತದೆ. ಬೀಳದಿದ್ದರೆ ಸೊಂಟ ಯಾಕೆ ಮುರಿಯುತ್ತದೆ?

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಕಡೆ ಸೊಂಟ ಮುರಿದ ಹೆಂಗಸರು ಎಲ್ಲಿ ಬಿದ್ದರು ಕೇಳಿ. ಬಚ್ಚಲು. ಇಲ್ಲವೇ ರಾತ್ರಿ ಎದ್ದು ಹೋಗುವಾಗ ಕಾಲೊರಸುವ ಚಾಪೆ.

ಜಯಶ್ರೀ: ಇಲ್ಲಿಯವರು ವಿಡಿಯೋ ನೋಡಿ ಶುರು ಮಾಡಬೇಡಿ. ಆ ಪ್ರಯೋಗದಲ್ಲಿ ಪಕ್ಕದಲ್ಲಿ ತರಬೇತಿದಾರರು ನಿಂತಿರುತ್ತಿದ್ದರು. ಬೆನ್ನುಮೂಳೆ ಆಗಲೇ ತೆಳುವಾಗಿದ್ದರೆ ಮುಂದಕ್ಕೆ ಬಗ್ಗಿ ಭಾರ ಎತ್ತುವುದೇ ಅಪಾಯ. ಹಣೆ ಮಂಡಿಗೆ ತಾಗಿಸುವ ಯೋಗಾಸನವೂ ಅಷ್ಟೇ.

ನಾಗರತ್ನ (8:31): ಅಯ್ಯೋ, ಇದನ್ನು ಹದಿನೈದು ದಿನ ಮುಂಚೆ ಹೇಳಬಾರದಿತ್ತೇನೇ. ನೀರು ತುಂಬುವ ಹಬ್ಬದ ದಿನ ಹಂಡೆ ಪೂಜೆಗೆ ಅಂತ ತಾಮ್ರದ ಕೊಡ ಬಗ್ಗಿ ಎತ್ತಿದೆ. ಬೆನ್ನಲ್ಲಿ ಛಳಕ್ ಅಂತು. ಇನ್ನೂ ಹೋಗಿಲ್ಲ. ಮುಲಾಮು ಹಚ್ಚಿಕೊಂಡು ಓಡಾಡುತ್ತಿದ್ದೇನೆ. ಏಳುವಾಗ ಮಾತ್ರ ಪ್ರಾಣ ಹೋಗುತ್ತದೆ.

ಜಯಶ್ರೀ: ನಾಗು, ನಿನಗೆ ಮೂಳೆಗೆ ಅಂತ ಆರು ತಿಂಗಳಿಗೊಂದು ಇಂಜೆಕ್ಷನ್ ಇತ್ತಲ್ಲ? ಡೆನೊಸುಮ್ಯಾಬ್?

ನಾಗರತ್ನ: ಹೌದು, ಮಾತ್ರೆ ನುಂಗಿದರೆ ಎದೆಯುರಿ ಅಂತ ಅದಕ್ಕೆ ಹಾಕಿದ್ದರು. ಮೂರು ವರ್ಷ ಆಯಿತು. ಈಗ ನಿಲ್ಲಿಸಿದ್ದೇನೆ.

ಜಯಶ್ರೀ: ಕೊನೆಯದು ಯಾವಾಗ?

ನಾಗರತ್ನ: ಸಂಕ್ರಾಂತಿ ಹೊತ್ತಿಗೆ. ಜುಲೈನಲ್ಲಿ ಕೊಡಬೇಕಿತ್ತು. ಆಗಲೇ ಹಲ್ಲು ಕೀಳಿಸುವುದಿತ್ತು. ಹಲ್ಲಿನ ಡಾಕ್ಟರು ‘ಆ ಇಂಜೆಕ್ಷನ್ ಸದ್ಯ ಬೇಡ’ ಅಂದರು. ಗೀತಾ ಹಿಂದೊಮ್ಮೆ ಕಳಿಸಿದ್ದ ದವಡೆ ಮೆಸೇಜೂ ನೆನಪಿತ್ತು. ಸರಿ, ಪೀಡೆ ಹೋಯಿತು ಅಂತ ಬಿಟ್ಟೆ.

ಜಯಶ್ರೀ: ಮೂಳೆ ಡಾಕ್ಟರಿಗೆ ಹೇಳಿದೆಯಾ?

ನಾಗರತ್ನ: ಇಲ್ಲ. ಯಾಕೆ?

(ಜಯಶ್ರೀ ಟೈಪ್ ಮಾಡುತ್ತಿದ್ದಾಳೆ ಅಂತ ತೋರಿಸುತ್ತಲೇ ಇತ್ತು. ಮೂರು ನಿಮಿಷ. ಯಾರೂ ಏನೂ ಹಾಕಲಿಲ್ಲ.)

ಜಯಶ್ರೀ (8:39): ಗಾಬರಿ ಆಗಬೇಡ, ಆದರೆ ಸರಿಯಾಗಿ ಓದು. ಶಾರದ ಮಾತ್ರೆ ಬಿಟ್ಟಳು, ಏನೂ ಆಗಲಿಲ್ಲ. ಯಾಕೆಂದರೆ ಆ ಮಾತ್ರೆ ಮೂಳೆಗೇ ಅಂಟಿಕೊಂಡು ವರ್ಷಗಟ್ಟಲೆ ಇರುತ್ತದೆ. ನಿನ್ನ ಇಂಜೆಕ್ಷನ್ ಅಂಟುವುದಿಲ್ಲ. ಮೂಳೆ ತಿನ್ನುವ ಕೋಶಗಳನ್ನು ಆರು ತಿಂಗಳು ತಡೆದು ನಿಲ್ಲಿಸುತ್ತದೆ, ಅಷ್ಟೇ. ಗೆದ್ದಲಿಗೆ ಔಷಧಿ ಹೊಡೆದ ಹಾಗೆ. ಔಷಧಿ ಆರಿದ ಮೇಲೆ ಎಲ್ಲ ಒಟ್ಟಿಗೆ ಏಳುತ್ತವೆ, ಮೊದಲಿಗಿಂತ ಜೋರಾಗಿ. ಒಂದು ತಿಂಗಳಿಗಿಂತ ಜಾಸ್ತಿ ತಡ ಮಾಡಬಾರದು. ನಿಲ್ಲಿಸಲೇಬೇಕಾದರೆ ಅದರ ಬದಲಿಗೆ ಬೇರೆ ಔಷಧಿ ಕೊಟ್ಟು ನಿಲ್ಲಿಸುತ್ತಾರೆ. ಹಾಗೇ ಬಿಟ್ಟರೆ ಬೆನ್ನುಮೂಳೆ ಒಂದಲ್ಲ, ಎರಡು ಮೂರು ಒಟ್ಟಿಗೆ ಕುಸಿಯಬಹುದು. ನಾಳೆಯೇ ಎಕ್ಸ್‌ರೇ ತೆಗೆಸು.

ಗೀತಾ: ದವಡೆ ಕೊಳೆಯುವುದು ಸುಳ್ಳಾ ಹಾಗಾದರೆ?

ಜಯಶ್ರೀ: ಇದೆ ಗೀತಾ. ಕ್ಯಾನ್ಸರಿನವರಿಗೆ ಕೊಡುವ ದೊಡ್ಡ ಡೋಸ್‌ನಲ್ಲಿ ಜಾಸ್ತಿ. ಇವಳಿಗೆ ಕೊಡುವ ಡೋಸ್‌ನಲ್ಲಿ ವರ್ಷಕ್ಕೆ ಸಾವಿರಕ್ಕೊಬ್ಬರಿಗಿಂತ ಕಡಿಮೆ. ಹಲ್ಲಿನ ಡಾಕ್ಟರು ಹೇಳಿದ್ದರಲ್ಲಿ ತಪ್ಪಿಲ್ಲ. ಅವರೂ ಮೂಳೆ ಡಾಕ್ಟರೂ ಮಾತಾಡಿಕೊಂಡು ದಿನ ಹೊಂದಿಸಬೇಕಿತ್ತು. ಹಲ್ಲೂ ಆಗುತ್ತಿತ್ತು, ಇಂಜೆಕ್ಷನ್ನೂ ಆಗುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ.

ನಾನು: ನಾಗು, ನೈಟಿ ಅಂಚು ಎಷ್ಟು ಮಡಿಸಿದೆ?

ನಾಗರತ್ನ: ಎರಡು ಇಂಚು. ಯಾಕೇ?

ನಾನು: ಕಾಲೇಜಿನಲ್ಲಿ ನಿನ್ನ ಎತ್ತರ ಐದು ಅಡಿ ಮೂರು. ಎನ್‌ಸಿಸಿಯಲ್ಲಿ ಅಳೆದಿದ್ದರು. ಈಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೋ. ಯಾರಿಗಾದರೂ ಹೇಳಿ ತಲೆ ಮೇಲೆ ಪೆನ್ಸಿಲ್ ಗುರುತು ಹಾಕಿಸು.

ನಾಗರತ್ನ (8:58): ಐದು ಅಡಿ ಒಂದು. ಕೆಲಸದವಳು ಎರಡು ಸಲ ಅಳೆದಳು.

ಅವತ್ತು ಆಮೇಲೆ ಯಾರೂ ಬರೆಯಲಿಲ್ಲ. ಗೀತಾಳ ಮೆಸೇಜ್ ಇದ್ದ ಜಾಗದಲ್ಲಿ ಸಂಜೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂದಿತ್ತು. ಅಡ್ಮಿನ್ ಆಗಿ ನಾನು ಅಳಿಸಿದ್ದಲ್ಲ.

ನಾಗರತ್ನ (ಮಂಗಳವಾರ, ಸಂಜೆ 5:20): ಎಕ್ಸ್‌ರೇ ಬಂತು. ಬೆನ್ನಿನ ಕೆಳಗಡೆ ಎರಡು ಮೂಳೆ ಕುಸಿದಿವೆ. ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿದರು. ಕ್ಯಾಲ್ಸಿಯಂ ಕಡಿಮೆ ಇದ್ದರೆ ಇಂಜೆಕ್ಷನ್ ಕೊಡುವ ಹಾಗಿಲ್ಲವಂತೆ. ಸರಿ ಇದೆ. ನಾಳೆ ಇಂಜೆಕ್ಷನ್ ಮತ್ತೆ ಶುರು. ಹಲ್ಲಿನವರ ನಂಬರ್ ಕೇಳಿ ಡಾಕ್ಟರೇ ಫೋನ್ ಮಾಡಿದರು. ಕೊಡ, ಬಕೆಟ್ ಮುಟ್ಟಬೇಡಿ, ನೋವು ಇಳಿದ ಮೇಲೆ ಫಿಸಿಯೋ ಹತ್ತಿರ ಕಳಿಸುತ್ತೇನೆ ಅಂದರು. ಪುಷ್ಪ, ಅಲ್ಲಿವರೆಗೆ ನಿನ್ನ ವಿಡಿಯೋ ನೋಡುತ್ತೇನೆ.

ಪುಷ್ಪ: ನೋಡು. ಮಾಡಬೇಡ.

ಜಯಶ್ರೀ: ವಿಟಮಿನ್ ಡಿ ಸ್ಯಾಶೆ ಕೊಟ್ಟಿದ್ದರೆ ವಾರಕ್ಕೊಂದು ಅಂತ ಕ್ಯಾಲೆಂಡರಿನಲ್ಲಿ ಬರೆದುಕೋ. ಅದು 60,000 ಯೂನಿಟ್. ದಿನಾ ಹಾಲಿಗೆ ಹಾಕಿ ಕುಡಿದು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ.

ಗೀತಾ: ನಾಗು, ತುಮಕೂರಿನಿಂದ ಎಳ್ಳುಂಡೆ ಕಳಿಸಿದ್ದೇನೆ, ನಾಳೆ ಬಸ್ಸಿಗೆ ಬರುತ್ತದೆ. ಔಷಧಿ ಅಂತ ಅಲ್ಲ. ಸುಮ್ನೆ.

ನಾಗರತ್ನ: ಕಳಿಸು ಕಳಿಸು, ನಿನ್ನ ಮೆಸೇಜಿಗಿಂತ ಉಂಡೆ ಚೆನ್ನಾಗಿರುತ್ತದೆ.

ಶಾರದ: ಎತ್ತರ ವಾಪಸ್ ಬರುತ್ತದಂತಾ?

ನಾಗರತ್ನ: ಇಲ್ಲವಂತೆ. ಟೈಲರ್‌ಗೆ ಕೊಟ್ಟ 400 ದಂಡ ಆಗಲಿಲ್ಲ ಬಿಡು.