ಕೂಲಂಟ್ ಕಡಿಮೆಯಾಗುತ್ತಿದೆ, ಸ್ಟಾಪ್ ಲೀಕ್ ಹಾಕಬಹುದಾ?

ಪ್ರಶ್ನೆ (ಸಿಂಧನೂರು):
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಡೀಸೆಲ್ ಕಾರು. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಹಾಕಬೇಕಾಗುತ್ತಿದೆ. ನೆಲದ ಮೇಲೆ ಒಂದು ಹನಿಯೂ ಕಾಣುತ್ತಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವರು "ಕೂಲಂಟ್‌ಗೆ ಒಂದು ಬಾಟಲಿ ಸ್ಟಾಪ್ ಲೀಕ್ ಸುರಿಯಿರಿ, ಸೋರಿಕೆ ತಾನೇ ಮುಚ್ಚುತ್ತದೆ, ಸಾಕು" ಅಂದರು. ಅಪ್ಪನನ್ನು ವಾರಕ್ಕೆ ಎರಡು ಸಲ ರಾಯಚೂರು ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಡಿ ದಾರಿಯಲ್ಲಿ ನಿಲ್ಲಬಾರದು. ಹಾಕಲಾ?

ಉತ್ತರ (ಕೊಪ್ಪಳ):
ಈಗಲೇ ಹಾಕಬೇಡಿ ಅಣ್ಣ. ನಾನು ಹಾಕಿ ಅನುಭವಿಸಿದ್ದೇನೆ. ಎರಡೇ ದಿನಕ್ಕೆ ಸೋರಿಕೆ ನಿಂತಿತ್ತು, ಖುಷಿಯೂ ಆಗಿತ್ತು. ಏಪ್ರಿಲ್ ಬಿಸಿಲಲ್ಲಿ ಗಂಗಾವತಿಯಿಂದ ಬರುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಿಚ್ಚಿಸಿದರೆ ರೇಡಿಯೇಟರ್ ಕೊಳವೆಗಳ ತುಂಬಾ ಅಂಬಲಿಯಂಥ ಕಂದು ಲೋಳೆ. ಎಷ್ಟು ತೊಳೆದರೂ ಹೋಗಲಿಲ್ಲ. ಹೊಸ ರೇಡಿಯೇಟರೇ ಹಾಕಿಸಬೇಕಾಯಿತು.

ಆ ಬಾಟಲಿಗಳಲ್ಲಿ ಇರೋದು ಸಣ್ಣ ನಾರು, ಪುಡಿ, ಕೆಲವದರಲ್ಲಿ ಸೋಡಿಯಂ ಸಿಲಿಕೇಟ್. ತೂತಿನ ಬಾಯಲ್ಲಿ ಕೂತು ಗಟ್ಟಿಯಾಗುತ್ತದೆ. ಲಾರಿ ಡ್ರೈವರ್‌ಗಳು ಅರಿಶಿನ ಪುಡಿ ಹಾಕುತ್ತಿದ್ದರಲ್ವಾ, ಅದೇ ಉಪಾಯ. ಆದರೆ ತೂತು ಯಾವುದು, ಕೂಲಂಟ್ ಓಡಾಡೋ ಸಣ್ಣ ದಾರಿ ಯಾವುದು ಅಂತ ಅದಕ್ಕೆ ತಿಳಿಯೋದಿಲ್ಲ. ಬೋರ್ ನೀರು ಹಾಕಿ ಒಳಗೆ ಉಪ್ಪು ಕಟ್ಟಿದ್ದರೆ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಮೊದಲು ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆರಿಹೋಗುತ್ತದೆ, ಅದಕ್ಕೇ ನೆಲ ಒಣಗಿರಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಟಾರ್ಚ್ ಹಿಡಿದು ಹೋಸ್‌ಗಳ ತುದಿ, ಕ್ಲ್ಯಾಂಪ್, ವಾಟರ್ ಪಂಪ್ ಕೆಳಗಿನ ಸಣ್ಣ ರಂಧ್ರ ನೋಡಿ. ಬಿಳಿ ಇಲ್ಲವೇ ಹಸಿರು ಕಲೆ ಒಣಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕಾಣದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಮುಚ್ಚಳದ ಮೇಲೆ 0.9, 1.1 ಅಂತ ಬರೆದಿರುತ್ತದಲ್ಲ, ಅಷ್ಟು ಬಾರ್ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಇದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದೇ ಬಂದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪ್ಯಾಕಿಂಗ್) ಹೋಗಿರುವ ಅನುಮಾನ. ಆಗಂತೂ ಗಾಡಿ ಓಡಿಸಲೇಬೇಡಿ.

ಇನ್ನೊಬ್ಬರು (ಬಳ್ಳಾರಿ):
ಎಂಜಿನ್ ಆಯಿಲ್‌ಗೆ ಹಾಕೋ ಸ್ಟಾಪ್ ಲೀಕ್ ಹೇಗೆ, ಕೆಲಸ ಮಾಡುತ್ತದಾ? ಬ್ರೇಕ್ ಆಯಿಲೂ ಸ್ವಲ್ಪ ಇಳಿಯುತ್ತಿದೆ.

ಉತ್ತರ (ಕೊಪ್ಪಳ):
ಬ್ರೇಕ್‌ಗೆ ಏನೂ ಹಾಕಬೇಡಿ ಸರ್, ದಯವಿಟ್ಟು. ಬೇರೆ ಎಣ್ಣೆ ಸೇರಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಹಿಡಿಯದೆ ಹೋಗಬಹುದು. ಪ್ಯಾಡ್ ಸವೆದರೂ ಮಟ್ಟ ಸ್ವಲ್ಪ ಇಳಿಯುತ್ತದೆ. ಆದರೂ ಇವತ್ತೇ ತೋರಿಸಿ. ಎಂಜಿನ್ ಆಯಿಲ್‌ಗೆ ಹಾಕೋದು ಒಣಗಿದ ಸೀಲನ್ನು ಮೆತ್ತಗೆ ಮಾಡುತ್ತದೆ, ಹರಿದ ಪ್ಯಾಕಿಂಗ್‌ಗೆ ಉಪಯೋಗವಿಲ್ಲ.

ಸಿಂಧನೂರು:
ಅಣ್ಣ, ಸಿಕ್ಕಿತು. ಮೇಲಿನ ಹೋಸ್ ಕ್ಲ್ಯಾಂಪ್ ಕೆಳಗೆ ಹಸಿರು ಕಲೆ, ಹೋಸ್ ತುದಿ ಬೆರಳಲ್ಲಿ ಒತ್ತಿದರೆ ಬಿರುಕು ಬಾಯಿ ಬಿಡುತ್ತಿತ್ತು. ಎರಡನ್ನೂ ಬದಲಿಸಿದೆವು. ಪ್ರೆಶರ್ ಟೆಸ್ಟ್‌ನಲ್ಲಿ ಮುಳ್ಳು ಅಲ್ಲಾಡಲಿಲ್ಲ. ಆ ಬಾಟಲಿ ಕೊಂಡಾಗಿದೆ, ಡಿಕ್ಕಿಯಲ್ಲಿ ಇಟ್ಟುಕೊಳ್ಳಲಾ?

ಕೊಪ್ಪಳ:
ಒಳ್ಳೇದಾಯಿತು! ಇಟ್ಟುಕೊಳ್ಳಿ. ಗ್ಯಾರೇಜ್ ಸಿಗದ ಕಡೆ ರೇಡಿಯೇಟರ್‌ಗೆ ಸೂಜಿ ಮೊನೆಯಷ್ಟು ತೂತಾದರೆ ಮನೆ ಮುಟ್ಟಲು ಮಾತ್ರ. ಮುಟ್ಟಿದ ಮೇಲೆ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಡಿಸ್ಟಿಲ್ಡ್ ನೀರಿನ ಜೊತೆ ಹೊಸ ಕೂಲಂಟ್ ಹಾಕಿಸಿ. ಅಪ್ಪ ಜೊತೆಗಿರುತ್ತಾರೆ, ಐದು ಲೀಟರ್ ನೀರಿನ ಕ್ಯಾನೂ ಇರಲಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ಮಾತ್ರ ಮುಟ್ಟಬೇಡಿ.