ಸಸ್ಯಜನ್ಯ ಹಾಲು, ಪ್ಯಾಟಿ: ಸರ್ವೆಯಲ್ಲಿ "ಕೊಳ್ಳುತ್ತೇವೆ" ಅಂದವರು ಬಿಲ್ಲಿನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನಾವಳಿ ಬರೆದಿದ್ದಾರೆ:

ಓಟ್ಸ್ ಹಾಲು, ಸೋಯಾ ಹಾಲು, ಬಟಾಣಿ ಪ್ರೋಟೀನಿನ ಪ್ಯಾಟಿ (ಬರ್ಗರಿನೊಳಗೆ ಇಡುವ ಬಿಲ್ಲೆ), ಈ ಮೂರರ ಬಗ್ಗೆ ಗ್ರಾಹಕರ ಅಧ್ಯಯನಕ್ಕೆ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದೇನೆ. "ಮುಂದೆ ಕೊಳ್ಳುತ್ತೀರಾ?" ಅಂತ ಕೇಳಿದರೆ ಬಹುತೇಕ ಎಲ್ಲರೂ ಹೌದು ಅನ್ನುತ್ತಾರೆ, ಮಾರಾಟದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಮ್ಮೆ ಕೊಂಡವರಲ್ಲೂ ಅನೇಕರು ಮತ್ತೆ ಕೊಳ್ಳುವುದಿಲ್ಲ. ಈ ಅಂತರ ಮನೋಭಾವದಿಂದ ಬಂದದ್ದೋ, ಪದಾರ್ಥದ ದೋಷವೋ ಅಂತ ಬೇರ್ಪಡಿಸುವುದು ಹೇಗೆ? ಪ್ರಶ್ನೆಗಳು ಹೇಗಿರಬೇಕು, ರುಚಿಪರೀಕ್ಷೆ ಬೇಕೇ ಬೇಕೇ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಅಂಕಿಲೆಕ್ಕ ಉತ್ತರಿಸಿದ್ದಾರೆ:

ಮೊದಲು ಆ "ಕೊಳ್ಳುತ್ತೀರಾ" ಪ್ರಶ್ನೆಯನ್ನು ತೆಗೆದುಹಾಕಿ. ಅದಕ್ಕೆ ಇಲ್ಲ ಅನ್ನಲು ಯಾರಿಗೂ ಕಾರಣವಿಲ್ಲ. ಜೇಬಿನಿಂದ ದುಡ್ಡು ಹೋಗುವುದಿಲ್ಲ, ಮೇಲಾಗಿ ಹೌದು ಅಂದರೆ ಪರಿಸರದ ಕಾಳಜಿ ಇರುವವರು ಅನ್ನಿಸಿಕೊಳ್ಳಬಹುದು. ಅದರ ಬದಲು ಕಳೆದ ನಾಲ್ಕು ವಾರಗಳಲ್ಲಿ ಏನು ಕೊಂಡಿರಿ, ಎಷ್ಟು ಪ್ಯಾಕ್, ಅದರಲ್ಲಿ ಎಷ್ಟು ಖಾಲಿಯಾಯಿತು ಅಂತ ಕೇಳಿ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಅರ್ಧ ಉಳಿದ ಪ್ಯಾಕ್ ಫ್ರಿಜ್ಜಿನಲ್ಲಿದ್ದರೆ ಮರುಖರೀದಿ ಯಾಕಿಲ್ಲ ಅನ್ನುವುದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಆಮೇಲೆ ಆಯ್ಕೆಯ ಪ್ರಶ್ನೆ. ಹಸುವಿನ ಹಾಲು, ಓಟ್ಸ್ ಹಾಲು, ಸೋಯಾ ಹಾಲನ್ನು ಬೆಲೆಯ ಸಮೇತ ಒಂದೇ ಪರದೆಯಲ್ಲಿ ತೋರಿಸಿ, "ಯಾವುದೂ ಬೇಡ" ಅನ್ನುವುದೂ ಇರಲಿ. ಬೆಲೆಗಳನ್ನು ಬದಲಾಯಿಸುತ್ತಾ ಎಂಟು ಹತ್ತು ಸಲ ಆರಿಸಲು ಹೇಳಿ. ಅದರಲ್ಲಿ ಒಂದು ಆಯ್ಕೆಯನ್ನು ಚೀಟಿ ಎತ್ತಿ ನಿಜ ಮಾಡುತ್ತೇವೆ, ಕೊಟ್ಟ ಗೌರವಧನದಲ್ಲಿ ಅದರ ಬೆಲೆ ಕಳೆದು ಪ್ಯಾಕ್ ಕೈಗೆ ಕೊಡುತ್ತೇವೆ ಅಂತ ಮುಂಚೆಯೇ ತಿಳಿಸಬೇಕು. ಆಗ ಉತ್ತರ ಕೊಳ್ಳುವವರ ಉತ್ತರವಾಗುತ್ತದೆ.

ಪರಿಸರ, ಆರೋಗ್ಯ, ಪ್ರಾಣಿದಯೆಯ ಪ್ರಶ್ನೆಗಳೆಲ್ಲ ಆಯ್ಕೆ ಮುಗಿದ ಮೇಲೆ ಬರಲಿ. ಮೊದಲೇ ಕೇಳಿದರೆ ಆ ಗುಂಗಿನಲ್ಲೇ ಆರಿಸುತ್ತಾರೆ. ಮಾಂಸ ತಿನ್ನುವವರು, ಅಪರೂಪಕ್ಕೆ ತಿನ್ನುವವರು, ತಿನ್ನದವರು, ಈ ಮೂವರನ್ನು ಒಟ್ಟು ಸೇರಿಸಿ ಸರಾಸರಿ ತೆಗೆಯಬೇಡಿ. ಸಸ್ಯಜನ್ಯ ಪ್ಯಾಟಿ ಕೊಳ್ಳುವವರಲ್ಲಿ ಹೆಚ್ಚಿನವರು ಮಾಂಸವನ್ನೂ ಕೊಳ್ಳುವವರೇ. ಮಾಂಸ ಬಿಡದಿರಲು ಜನ ಕೊಡುವ ಕಾರಣಗಳನ್ನು 2015ರ ಒಂದು ಅಧ್ಯಯನ ನಾಲ್ಕಾಗಿ ವಿಂಗಡಿಸಿತ್ತು: ಸಹಜ, ವಾಡಿಕೆ, ಅಗತ್ಯ, ರುಚಿ. ಪ್ಯಾಟಿಯ ಕಂಪನಿಗೆ ಕೈಗೆ ಸಿಗುವುದು ಈ ಕೊನೆಯದೊಂದೇ ಅಂತ ನನ್ನ ಅಭಿಪ್ರಾಯ.

ಪಾಕತಂತ್ರ ಉತ್ತರಿಸಿದ್ದಾರೆ:

ರುಚಿಪರೀಕ್ಷೆ ಬೇಕೇ ಬೇಕು, ಅದೂ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ, ಮೂರಂಕಿಯ ಸಂಕೇತ ಮಾತ್ರ ಬರೆದು ಕೊಡಿ. ಎರಡನೇ ಸುತ್ತಿನಲ್ಲಿ ಅದೇ ಪದಾರ್ಥವನ್ನು ಲೇಬಲ್ ತೋರಿಸಿ ಕೊಡಿ. ಎರಡಕ್ಕೂ 1ರಿಂದ 9ರ ಇಷ್ಟದ ಮಾಪಕವೇ ಇರಲಿ. ಮುಚ್ಚಿಟ್ಟಾಗ 7 ಬಂದು ಲೇಬಲ್ ಕಂಡ ಮೇಲೆ 5ಕ್ಕೆ ಇಳಿದರೆ ಅದು ಮನೋಭಾವ. ಮುಚ್ಚಿಟ್ಟಾಗಲೇ 5 ಇದ್ದರೆ ಪದಾರ್ಥದಲ್ಲೇ ದೋಷ, ಜಾಹೀರಾತು ಅದನ್ನು ಸರಿಮಾಡದು. ಕೊಡುವ ಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಬದಲಾಯಿಸಿ, ಮೊದಲು ತಿಂದದ್ದಕ್ಕೆ ಹೆಚ್ಚು ಅಂಕ ಬೀಳುವ ಅಭ್ಯಾಸವಿದೆ.

ಪ್ಯಾಟಿಯನ್ನು ಬಿಸಿಯಾಗಿಯೇ ಕೊಡಬೇಕು. ಹಲವು ಪ್ಯಾಟಿಗಳನ್ನು ಹಿಡಿದಿಡುವುದು ಮಿಥೈಲ್ ಸೆಲ್ಯುಲೋಸ್. ಅದು ಬಿಸಿಗೆ ಗಟ್ಟಿಯಾಗಿ ತಣಿದಾಗ ಸಡಿಲವಾಗುವ ವಸ್ತು, ಮೊಟ್ಟೆಯಂತೆ ಒಮ್ಮೆ ಗಟ್ಟಿಯಾದರೆ ಹಾಗೇ ಉಳಿಯುವುದಲ್ಲ. ತಟ್ಟೆಯಲ್ಲಿ ಹತ್ತು ನಿಮಿಷ ಆರಿದ ಪ್ಯಾಟಿ ಮೆತ್ತಗಾಗಿ, "ಹಿಟ್ಟು ಹಿಟ್ಟು" ಅನ್ನುವ ದೂರು ಬರುತ್ತದೆ. ಅದರಲ್ಲಿ ತೆಂಗಿನೆಣ್ಣೆ ಇದ್ದರೆ ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ. ಸಟ್ಟುಗದಿಂದ ಒತ್ತಿದರೆ ಎಣ್ಣೆ ಬಾಣಲೆಗೆ ಹೋಗಿ ಒಳಗೆ ಒಣಗುತ್ತದೆ. ಮಧ್ಯಮ ಉರಿ, ಒತ್ತಬಾರದು, ಒಂದೇ ಸಲ ಮಗುಚಬೇಕು. ಇದನ್ನು ಪ್ಯಾಕಿನ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಬರೆದು ಬಿಟ್ಟರೆ ಓದುವವರು ಯಾರು?

ಹಾಲಿನ ಕಥೆ ಕಾಫಿಯಲ್ಲಿ ಕೆಡುತ್ತದೆ. ಕಾಫಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5. ಸೋಯಾ ಪ್ರೋಟೀನ್ 4.5ರ ಆಸುಪಾಸಿನಲ್ಲಿ ಮುದ್ದೆಗಟ್ಟುತ್ತದೆ, ಬಿಸಿ ಜೋರಾಗಿದ್ದರೆ ಅದಕ್ಕೂ ಮೊದಲೇ ಒಡೆಯುತ್ತದೆ. ಕೊಂಡವರು ಹಾಲು ಹಾಳಾಗಿದೆ ಅಂದುಕೊಂಡು ಚೆಲ್ಲುತ್ತಾರೆ, ಮತ್ತೆ ಕೊಳ್ಳುವುದಿಲ್ಲ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಕಾಫಿಯನ್ನು ಒಂದೆರಡು ನಿಮಿಷ ಆರಲು ಬಿಟ್ಟು, ನಿಧಾನವಾಗಿ ಬೆರೆಸಿದರೆ ಈ ತೊಂದರೆ ಬಹಳ ಕಡಿಮೆ. ಬರಿಸ್ಟಾ ಅಂತ ಬರೆದ, ಕಾಫಿಗೆಂದೇ ಮಾಡಿದ ಪ್ಯಾಕ್‌ಗಳಲ್ಲಿ ಇದಕ್ಕಾಗಿಯೇ ಡೈಪೊಟ್ಯಾಶಿಯಂ ಫಾಸ್ಫೇಟ್ ಅನ್ನುವ, ಹುಳಿಯನ್ನು ತಗ್ಗಿಸುವ ಲವಣ ಹಾಕುವುದುಂಟು.

ಇನ್ನೊಂದು ನಿರಾಸೆ ಪ್ರೋಟೀನಿನದು. ಸೋಯಾ ಹಾಲಿನಲ್ಲಿ 100 ಮಿಲಿಗೆ ಸುಮಾರು 3 ಗ್ರಾಂ, ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟೇ. ಓಟ್ಸ್ ಹಾಲಿನಲ್ಲಿ ಸುಮಾರು 1, ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ. ಮೂರೂ ಒಂದೇ ಅಂತ ನಂಬಿ ಕೊಂಡವರು ಲೇಬಲ್ ನೋಡಿದ ದಿನ ಬಿಡುತ್ತಾರೆ. ಹಾಗಾಗಿ "ಇದರಲ್ಲಿ ಎಷ್ಟು ಪ್ರೋಟೀನ್ ಇದೆ ಅಂದುಕೊಂಡಿದ್ದೀರಿ?" ಅಂತ ಒಂದು ಪ್ರಶ್ನೆ ಸೇರಿಸಿ. "ಸಕ್ಕರೆ ಹಾಕಿಲ್ಲ" ಅಂತ ಬರೆದ ಓಟ್ಸ್ ಹಾಲು ಸಿಹಿಯಾಗಿರುವುದೂ ಅನುಮಾನಕ್ಕೆ ಕಾರಣವಾಗುತ್ತದೆ. ಕಿಣ್ವ ಹಾಕಿ ಪಿಷ್ಟವನ್ನು ಒಡೆದಾಗ ಮಾಲ್ಟೋಸ್ ಅನ್ನುವ ಸಕ್ಕರೆ ಹುಟ್ಟುವುದರಿಂದ ಆ ಸಿಹಿ.

ಮೆನುಕಾರ್ಡ್ ಉತ್ತರಿಸಿದ್ದಾರೆ:

ಕೊಳ್ಳುವ ಜಾಗವನ್ನೂ ಬರೆದುಕೊಳ್ಳಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕೆಫೆಟೇರಿಯಾಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕರಲ್ಲಿ ಒಂದಿದ್ದ ಸಸ್ಯಾಹಾರದ ಊಟವನ್ನು ನಾಲ್ಕರಲ್ಲಿ ಎರಡಕ್ಕೆ ಏರಿಸಿದಾಗ ಅದರ ಮಾರಾಟ ಶೇ. 41ರಿಂದ 79ರಷ್ಟು ಹೆಚ್ಚಿತು. ಯಾರ ಮನಸ್ಸನ್ನೂ ಬದಲಾಯಿಸಬೇಕಾಗಲಿಲ್ಲ. ಮೂಲೆಯ ಪ್ರತ್ಯೇಕ ಶೆಲ್ಫಿನಲ್ಲಿಟ್ಟರೆ ಹುಡುಕಿಕೊಂಡು ಬರುವವರು ಮಾತ್ರ ಕೊಳ್ಳುತ್ತಾರೆ.

ಪ್ರಶ್ನಾವಳಿ:

ತುಂಬಾ ಉಪಯೋಗವಾಯಿತು, ಮೂವರಿಗೂ ವಂದನೆ. ಮರುಖರೀದಿಯನ್ನು ಎಷ್ಟು ದಿನ ಕಾದು ಎಣಿಸಬೇಕು?

ಅಂಕಿಲೆಕ್ಕ:

ಪದಾರ್ಥ ಎಷ್ಟು ದಿನಕ್ಕೊಮ್ಮೆ ಮುಗಿಯುತ್ತದೋ ಅದರ ಮೂರು ಪಟ್ಟು ಕಾಯಿರಿ. ಹಾಲು ವಾರಕ್ಕೊಮ್ಮೆಯಾದರೆ ಮೂರು ವಾರ, ಫ್ರೀಜರ್‌ನಲ್ಲಿಡುವ ಪ್ಯಾಟಿ ತಿಂಗಳಿಗೊಮ್ಮೆಯಾದರೆ ಮೂರು ತಿಂಗಳು. ನಿನ್ನೆ ಮೊನ್ನೆ ಮೊದಲ ಬಾರಿ ಕೊಂಡವರನ್ನು "ಮತ್ತೆ ಬಾರದವರು" ಅಂತ ಲೆಕ್ಕಕ್ಕೆ ಹಿಡಿಯಬೇಡಿ, ಅವರಿಗೆ ಇನ್ನೂ ಸಮಯವೇ ಆಗಿಲ್ಲ. ಮೊದಲು ಕೊಂಡ ತಿಂಗಳ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಅಷ್ಟೇ ದಿನದ ಅವಧಿ ಕೊಡಿ. ರಿಯಾಯಿತಿಯಲ್ಲಿ ಕೊಂಡ ಎರಡನೇ ಪ್ಯಾಕನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಪೂರ್ತಿ ಬೆಲೆ ಕೊಟ್ಟು ಕೊಂಡದ್ದು ಮಾತ್ರ ಮರುಖರೀದಿ.